ಬಸ್ಸಿನ ಸದ್ದಿಗೆ ಓಡುವ ಬುಗುರಿ

"ಹಿಡೀರಿ! ಯಾರಾದ್ರೂ ಅದನ್ನ ಹಿಡೀರಿ!"

ಅಮಿತಾಳ ಕೂಗಿಗೆ ಹೊನ್ನಾವರದ ತರಕಾರಿ ಪೇಟೆಯಲ್ಲಿ ಕೂತವರೆಲ್ಲ ತಲೆ ಎತ್ತಿದರು. ಹಿಡಿಯಲು ಮಾತ್ರ ಯಾರೂ ಏಳಲಿಲ್ಲ. ಏಳುವಷ್ಟರಲ್ಲಿ ಅದು ಅಲ್ಲಿದ್ದರೆ ತಾನೆ!

ಕಂದು ಮೈ, ಬಿಳಿ ಕಾಲು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ವರ್ಷ ತುಂಬದ ಹೆಣ್ಣು ನಾಯಿ. ಹರಿದ ಹಗ್ಗವನ್ನು ಎಳೆದುಕೊಂಡೇ ಅದು ಬದನೆಕಾಯಿ ರಾಶಿಯನ್ನು ಹಾರಿತು, ಗೆಣಸಿನ ಚೀಲಕ್ಕೆ ಒಂದು ಸುತ್ತು ಹಾಕಿತು, ಕೊನೆಗೆ ಕೆಂಪು ಹರಿವೆಯ ಕಟ್ಟುಗಳನ್ನು ಸಾಲಾಗಿ ಜೋಡಿಸಿಟ್ಟ ಗೋಣಿಚೀಲದ ನಟ್ಟ ನಡುವೆ ನಿಂತಿತು. ನಿಂತಿತು ಎಂದರೆ ತಪ್ಪಾಗುತ್ತದೆ... ತನ್ನದೇ ಬಾಲವನ್ನು ಹಿಡಿಯಲು ಗರಗರನೆ ಸುತ್ತತೊಡಗಿತು. ಹರಿವೆ ಸೊಪ್ಪು ದಿಕ್ಕುದಿಕ್ಕಿಗೆ ಹಾರಿತು.

ಸೊಪ್ಪಿನ ಹಿಂದೆ ಕೂತಿದ್ದ ಯುವಕ ಎದ್ದ.

ಅಮಿತಾ ಓಟ ಜೋರು ಮಾಡಿದಳು. 'ಈಗ ಒದೀತಾನೆ...'

ಅವನು ಒದೆಯಲಿಲ್ಲ. ನಾಯಿಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತ. ಕಿಸೆಯಿಂದ ಹುರಿದ ಶೇಂಗಾ ತೆಗೆದು, ಟಪ್ ಟಪ್ ಎಂದು ಸಿಪ್ಪೆ ಒಡೆದು ತಾನೇ ತಿನ್ನತೊಡಗಿದ. ಇತ್ತ ನಾಯಿ ಎಂಬುದೊಂದು ಇದೆ ಎಂಬುದೇ ಅವನಿಗೆ ಗೊತ್ತಿಲ್ಲದ ಹಾಗೆ!

ನಾಯಿ ಸುತ್ತುವುದನ್ನು ನಿಲ್ಲಿಸಿತು. ಮೂಗು ಎತ್ತಿತು. ಮೆಲ್ಲಗೆ ಬಂದು ಅವನ ತೋಳಿನ ಕೆಳಗೆ ತಲೆ ತೂರಿಸಿತು. ಅವನು ಒಂದು ಕಾಳನ್ನು ಅದರ ಬಾಯಿಗಿಟ್ಟು, ಇನ್ನೊಂದು ಕೈಯಲ್ಲಿ ಹಗ್ಗದ ತುದಿ ಹಿಡಿದ.

"ಓಡೂ ನಾಯಿ ಹಿಂದೆ ಓಡಿದ್ರೆ ಅದ್ಕೆ ಆಟ," ಎಂದ, ಏದುಸಿರು ಬಿಡುತ್ತ ಬಂದು ನಿಂತ ಅಮಿತಾಳನ್ನು ನೋಡಿ. "ಸುಮ್ನೆ ಕೂತ್ರೆ ತಾನಾಗೇ ಬರ್ತದೆ."

"ನಿಮ್ಮ ಸೊಪ್ಪು ಪೂರಾ ಹಾಳಾತು..."

"ಸೊಪ್ಪು ಮತ್ತೆ ಬೆಳೀತದೆ. ಯಾರ ನಾಯಿ ಇದು?"

ಎಷ್ಟು ಸಣ್ಣ ಪ್ರಶ್ನೆ! ಅಮಿತಾ ಅವನ ಕೈಯಲ್ಲಿದ್ದ ಹಗ್ಗದ ತುದಿಯನ್ನೇ ನೋಡಿದಳು.

"ಯಾರದ್ದೂ... ಅಲ್ಲ."

"ಮತ್ತೆ ನೀವು?"

"ನಾ ಅದ್ಕೊಂದು ಮನೆ ಹುಡ್ಕೂಕೆ ಬಂದವ್ಳು."

ಹೇಳುತ್ತಿದ್ದಂತೆ ಕಣ್ಣು ತುಂಬಿತು. ಛೀ! ಪೇಟೆಯ ನಡುವೆ, ಗುರುತಿಲ್ಲದವನ ಎದುರು, ಅದೂ ಒಂದು ನಾಯಿಗಾಗಿ ಅಳುವುದೇ... ಅವಳು ಮುಖ ತಿರುಗಿಸಿಕೊಂಡಳು. ಅವನು ತನ್ನ ನೀರಿನ ಬಾಟಲಿಯನ್ನು ಮುಂದೆ ಹಿಡಿದ.

ಕಳೆದ ಮಳೆಗಾಲದಲ್ಲಿ ಹೆಬಳೆಯ ಹತ್ತಿರ ಹೆದ್ದಾರಿಯ ಮೋರಿಯೊಳಗೆ ಕುಂಯ್‌ಗುಡುತ್ತಿದ್ದ ಆ ಮರಿಯನ್ನು ಅಮಿತಾ ವೇಲಿನಲ್ಲಿ ಸುತ್ತಿ ಮನೆಗೆ ತಂದಿದ್ದಳು. ಮನೆ ಎಂದರೆ ಅವಳದ್ದಲ್ಲ, ಹೆಬಳೆಯಲ್ಲೇ ಇದ್ದ ಅಕ್ಕ ಜಯಶ್ರೀಯದು. ಅಮ್ಮ ತೀರಿಕೊಂಡ ಮೇಲೆ ಕಾಯ್ಕಿಣಿಯ ಬಾಡಿಗೆ ಮನೆ ಬಿಡಿಸಿ, 'ಒಬ್ಳೇ ಎಂತ ಮಾಡ್ತಿ ಇಲ್ಲಿ, ಬಾ' ಎಂದು ಕರೆತಂದವರು ಅಕ್ಕ ಮತ್ತು ಹರೀಶ ಭಾವ. ಭಟ್ಕಳದ ಹೊಲಿಗೆ ಅಂಗಡಿಯಲ್ಲಿ ಕೆಲಸ, ಅಕ್ಕನ ಮನೆಯಲ್ಲಿ ಅನ್ನ. ಆ ಋಣವನ್ನು ಅಮಿತಾ ಒಂದು ದಿನವೂ ಮರೆತವಳಲ್ಲ. ಅದಕ್ಕೇ ನಾಯಿಯ ವಿಷಯದಲ್ಲಿ ಹಟ ಮಾಡಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಮರಿ ಬೆಳೆಯಿತು. ಕೂತಲ್ಲಿ ಕೂರದೆ ತಿರುಗುವುದನ್ನು ನೋಡಿ ಬುಗುರಿ ಎಂದು ಹೆಸರಿಟ್ಟದ್ದೂ ಭಾವನೇ. ಆದರೆ ಒಂದು ದಿನ ಬುಗುರಿ ಪ್ರೀತಿಯಿಂದ ಹಾರಿದ್ದಕ್ಕೆ ಭಾವನ ಮುದಿ ತಾಯಿ ಅಂಗಳದಲ್ಲಿ ಬಿದ್ದುಬಿಟ್ಟರು. ಮೊಣಕೈ ಊದಿ ಕುಂಬಳಕಾಯಿಯಾಯಿತು.

ಭಾವ ಬೈಯಲಿಲ್ಲ. ತಲೆ ತಗ್ಗಿಸಿ ಹೇಳಿದರು. "ಶಿವರಾತ್ರಿ ಒಳ್ಗೆ ಇದ್ಕೊಂದು ಜಾಗ ನೋಡು ಅಮಿತಾ. ಆಗ್ದೆ ಇದ್ರೆ ಬಂದರಕ್ಕೆ ಬಿಟ್ಟು ಬರ್ತೆ. ಅಮ್ಮ ಇನ್ನೊಂದ್ಸಲ ಬಿದ್ರೆ ಏಳೂದಿಲ್ಲ."

ಬಂದರ! ಮೀನಿನ ತಲೆಗೆ ಗುಂಪುಗಟ್ಟಿ ಕಚ್ಚಾಡುವ ಅಲ್ಲಿಯ ನಾಯಿಗಳ ನಡುವೆ, ಅನ್ನದ ತಟ್ಟೆ ಬಿಟ್ಟು ಬೇರೇನೂ ಕಾಣದ ಬುಗುರಿ ಎಷ್ಟು ದಿನ ಉಳಿದೀತು?

ಈವತ್ತು ಹೊನ್ನಾವರದಲ್ಲಿ ಒಂದು ಮನೆಯವರು ಒಪ್ಪಿದ್ದರು. ಭಾವ ತಮ್ಮ ಗೂಡ್ಸ್ ರಿಕ್ಷಾದಲ್ಲಿ ಕರೆತಂದಿದ್ದರು. ಆ ಮನೆಯವರು ಬುಗುರಿ ಸುತ್ತುವುದನ್ನು ನೋಡಿ, "ಹೆಣ್ಣು ಬೇರೆ!" ಎಂದು ಗೇಟು ಹಾಕಿಕೊಂಡರು.

ಕಥೆಯನ್ನೆಲ್ಲ ಕೇಳಿದ ಯುವಕ ಉದುರಿದ ಸೊಪ್ಪನ್ನು ಒಟ್ಟುಮಾಡುತ್ತ ಹೇಳಿದ.

"ನಮ್ದು ಹಿರೇಗುತ್ತಿ. ಶೇಂಗಾ ಹಾಕಿದ್ದೆ. ನವಿಲು, ಹಂದಿ, ಮಂಗ... ಒಂದಲ್ಲ. ನಮ್ಮನೆ ನಾಯಿ ಮುದಿಯಾಗಿ ಹೋತು. ನಂಗೆ ಓಡೂ ನಾಯೇ ಬೇಕಾಗಿತ್ತು."

"ಇದು ಹೆಣ್ಣು..."

"ಆದ್ರೆ ಎಂತ? ನವಿಲು ಕೇಳ್ತದಾ?"

ಅಮಿತಾ ಅಳುತ್ತಲೇ ನಕ್ಕುಬಿಟ್ಟಳು.

ಅವನ ಹೆಸರು ನಿತ್ಯಾನಂದ.

*

"ಅಬಾ! ಸೊಪ್ಪು ಮಾರೂಕೆ ಹೋದವ ನಾಯಿ ತಂದ್ಯ?" ನಿತ್ಯಾನಂದನ ತಾಯಿ ಮಾಸ್ತಮ್ಮ ಅಂಗಳದಲ್ಲೇ ಕೈ ಸೊಂಟಕ್ಕಿಟ್ಟಳು. ರಿಕ್ಷಾದಿಂದ ಇಳಿದ ಅಮಿತಾಳನ್ನು ನೋಡಿ, "ಇವ್ಳೂ ನಾಯಿ ಸಂಗ್ತಿಗೇ ಬಂದದ್ದಾ?" ಎಂದು ಕಣ್ಣು ಕಿರಿದು ಮಾಡಿದಳು.

"ಅಮ್ಮ!" ಎಂದ ನಿತ್ಯಾನಂದ, ಕಿವಿ ಕೆಂಪಾಗಿ.

"ಎಂತ ಅಮ್ಮ? ಬಾರೆ ತಂಗಿ, ಉಂಡ್ಕಂಡು ಹೋಗು. ನಾಯಿಗಿಂತ ಸಪೂರ ಇದ್ದಿ."

ಹೊರಡುವ ಹೊತ್ತಿಗೆ ಅಮಿತಾ ಬುಗುರಿಯ ಕೊರಳು ತಬ್ಬಿ ಕೂತಳು. ಅದು ಅವಳ ಕಣ್ಣು, ಮೂಗು, ಕಿವಿಯನ್ನೆಲ್ಲ ನೆಕ್ಕಿತು.

"ಒಂದು ಮಾತು ಕೊಡಿ," ಎಂದಳು ನಿತ್ಯಾನಂದನಿಗೆ. "ಇದನ್ನ ಕಟ್ಟಿ ಹಾಕೂದು ಬ್ಯಾಡ. ಕಟ್ಟಿದ್ರೆ ಉಣ್ಣೂದಿಲ್ಲ. ಹಗ್ಗ ಕಡಿದು ಕಡಿದು ಬಾಯೆಲ್ಲ ಗಾಯ ಮಾಡ್ಕಂತದೆ."

"ಕಟ್ಟೂದಿಲ್ಲ," ಎಂದ ಅವನು. "ನೀವು ಬಂದು ನೋಡ್ಕಂಡು ಹೋಗಿ. ಯಾವಾಗ ಬೇಕಾದ್ರೂ."

ಭಟ್ಕಳದಲ್ಲಿ ಅವಳ ಅಂಗಡಿಗೆ ಶುಕ್ರವಾರ ರಜೆ. ಹಾಗಾಗಿ ಮುಂದಿನ ಶುಕ್ರವಾರ ಅವಳು ಬಸ್ಸು ಹತ್ತಿದಳು. ಅದರ ಮುಂದಿನ ಶುಕ್ರವಾರವೂ.

ಹೆದ್ದಾರಿಯ ಪಕ್ಕದ ನಿಲ್ದಾಣದಲ್ಲಿ ಬಸ್ಸು ಬ್ರೇಕ್ ಹಾಕಿ ಉಸ್ಸೆಂದು ನಿಂತ ಕೂಡಲೇ ಬುಗುರಿಯ ಬೊಗಳು ಕೇಳುತ್ತಿತ್ತು. ಇಳಿಯುವ ಮೆಟ್ಟಿಲಿಗೇ ಬಂದು ಎದೆಗೆ ಹಾರುತ್ತಿತ್ತು. ಅದರ ಕೊರಳಪಟ್ಟಿ ಹಿಡಿದುಕೊಂಡು, ಅದು ಎಳೆದ ಕಡೆ ಅರ್ಧ ಓಡಿ ಅರ್ಧ ಎಡವಿ, ನಿತ್ಯಾನಂದ ಹಿಂದೆಯೇ ಇರುತ್ತಿದ್ದ. ಬ್ಲೌಸಿನ ಲೈನಿಂಗ್ ಬಟ್ಟೆಯನ್ನು ಮಡಚಿ ಮಡಚಿ ಅಮಿತಾ ಹೊಲಿದ ಹಸಿರು ಕೊರಳಪಟ್ಟಿ ಅದು.

"ನೀವು ಎಂತಕ್ಕೆ ಇಷ್ಟು ದೂರ ಬರೂದು? ನಾನೇ ಬರ್ತಿದ್ದೆ."

"ನಾ ಎಲ್ಲಿ ಬಂದೆ? ಇದು ಎಳ್ಕಂಡು ಬಂತು," ಎನ್ನುತ್ತಿದ್ದ ಅವನು.

ಶೇಂಗಾ ಗದ್ದೆಯ ಬದುವಿನಲ್ಲಿ ಕೂತು ಅವರು ಮಾತಾಡುತ್ತಿದ್ದದ್ದೂ ಹೆಚ್ಚಿಲ್ಲ. ಅವನು ಕಳೆ ಕೀಳುತ್ತಿದ್ದ. ಅವಳೂ ಕೀಳುತ್ತಿದ್ದಳು. ಬುಗುರಿ ಗದ್ದೆಯ ಆ ತುದಿಯಿಂದ ಈ ತುದಿಗೆ ಓಡಿ ಕಾಗೆ ಎಬ್ಬಿಸುತ್ತಿತ್ತು. ಸಂಜೆ ಹೊರಡುವಾಗ ಮಾಸ್ತಮ್ಮ ಹರಿವೆಯ ಒಂದು ಕಟ್ಟನ್ನು ಅವಳ ಚೀಲಕ್ಕೆ ತುರುಕುತ್ತಿದ್ದಳು.

ಒಮ್ಮೆ ಹಾಗೇ ಕಳೆ ಕೀಳುತ್ತಿದ್ದಾಗ ನಿತ್ಯಾನಂದ ಕೇಳಿದ, "ನಿಮ್ಗೆ ಕಾಯ್ಕಿಣಿ ನೆನಪಾಗ್ತದಾ?"

"ಮನೆ ನೆನಪಾಗೂದಿಲ್ಲ. ಅಮ್ಮ ಸಂಜೆ ಬಾಗ್ಲಲ್ಲಿ ನಿಂತು ದಾರಿ ನೋಡ್ತಿದ್ದದ್ದು ನೆನಪಾಗ್ತದೆ. ಅಕ್ಕ, ಭಾವ ಚೆನ್ನಾಗೇ ನೋಡ್ಕಂತ್ರು. ಆದ್ರೆ... ನಾ ಬರೂ ದಾರಿ ನೋಡೂಕೆ ಅವ್ರಿಗೆ ಪುರುಸೊತ್ತು ಎಲ್ಲಿ?"

ಅವನು ತಲೆ ಎತ್ತಲಿಲ್ಲ. ಕಳೆಯ ಜೊತೆಗೆ ಒಂದು ಶೇಂಗಾ ಗಿಡವನ್ನೂ ಕಿತ್ತುಬಿಟ್ಟ.

ಬಸ್ಸಿನಲ್ಲಿ ಮರಳುವಾಗ ಅಮಿತಾ ಮಡಿಲ ಮೇಲಿನ ಹರಿವೆಯನ್ನು ಸವರುತ್ತ ಕಿಟಕಿಯಾಚೆ ನೋಡುತ್ತಿದ್ದಳು. 'ದೇವ್ರೆ, ನಿಂಗೆ ಎಷ್ಟು ಕೈ ಮುಗಿದ್ರೂ ಸಾಲೂದಿಲ್ಲ. ಬುಗುರಿಗೆ ಮನೆ ಸಿಕ್ತು... ನಾ ನೋಡೂಕೆ ಹೋಗೂದು ಬುಗುರಿಯನ್ನೇ ಅಲ್ವ? ಬುಗುರಿಯನ್ನ ಮಾತ್ರ...?'

ಆ ಪ್ರಶ್ನೆಯನ್ನು ಅವಳು ಅರ್ಧಕ್ಕೇ ಬಿಟ್ಟಳು.

*

ಶಿವರಾತ್ರಿ ಹತ್ತಿರ ಬಂದಿತ್ತು. ಅಂದು ಮಂಗಳವಾರ. ಅಂಗಡಿಯ ಮಾಲಕರ ಮನೆಯಲ್ಲಿ ಮದುವೆ ಎಂದು ಅನಿರೀಕ್ಷಿತ ರಜೆ. ಹರೀಶ ಭಾವ ಅಂಕೋಲೆಗೆ ಕುರ್ಚಿ ಸಾಗಿಸಿ ಬರಲು ಹೊರಟಿದ್ದರು.

"ಭಾವ, ನಾನೂ ಬರ್ತೆ. ವಾಪಸ್ ಬರೂವಾಗ ಹಿರೇಗುತ್ತಿಲಿ ಒಂದು ಗಳಿಗೆ..."

"ಆತು, ಹತ್ತು," ಎಂದು ಭಾವ ಮೀಸೆಯಡಿ ನಕ್ಕರು.

ಹೇಳದೆ ಹೋಗಿ ಅಚ್ಚರಿ ಪಡಿಸಬೇಕು! ಅಮಿತಾ ದಾರಿಯುದ್ದ ಅದನ್ನೇ ಯೋಚಿಸಿ ನಗುತ್ತಿದ್ದಳು. ಮಧ್ಯಾಹ್ನ ರಿಕ್ಷಾ ಹೆದ್ದಾರಿ ಬಿಟ್ಟು ಗದ್ದೆಯ ಹಿಂಬದಿಯ ಮಣ್ಣು ದಾರಿಯಲ್ಲಿ ನಿಂತಿತು. ಅವಳು ಬೇಲಿ ದಾಟಿ ಅಂಗಳಕ್ಕೆ ಬಂದಳು.

ಅವಳನ್ನು ಕಂಡ ಬುಗುರಿ ಓಡಿ ಬರಲು ನೋಡಿತು. ಆಗಲಿಲ್ಲ.

ಅದರ ಕೊರಳಿನಿಂದ ಒಂದು ಮೊಳ ಉದ್ದದ ಮರದ ಕೊರಡು ನೇತಾಡುತ್ತಿತ್ತು. ನಾಲ್ಕು ಹೆಜ್ಜೆ ಇಟ್ಟರೆ ಅದು ಮುಂಗಾಲಿಗೆ ತೊಡರುತ್ತಿತ್ತು. ಬುಗುರಿ ಎಡವಿತು, ಎದ್ದಿತು, ಮತ್ತೆ ಎಡವಿತು. ಗಾಳಿಯ ಹಾಗೆ ಇದ್ದ ಅವಳ ಬುಗುರಿ ಮುದುಕಿಯ ಹಾಗೆ ಹೆಜ್ಜೆ ಹಾಕುತ್ತಿತ್ತು!

ಬೇಲಿ ಹಾರಿ ಪರರ ಬೆಳೆ ಮೇಯುವ ಕಳ್ಳ ದನಕ್ಕೆ ಊರಲ್ಲಿ ಹೀಗೆ ಕೊರಡು ಕಟ್ಟುವುದನ್ನು ಅವಳೂ ನೋಡಿದವಳೇ. ಆದರೆ ಬುಗುರಿಗೆ...?

ಕೊಟ್ಟಿಗೆಯಿಂದ ಹೊರಬಂದ ನಿತ್ಯಾನಂದ ಅಲ್ಲೇ ನಿಂತುಬಿಟ್ಟ.

"ನೀವು... ಈವತ್ತು ಮಂಗಳವಾರ..."

"ಮಂಗಳವಾರ ನಾ ಬರ್ಬಾರ್ದಿತ್ತು ಅಲ್ವ?" ಎಂದಳು ಅಮಿತಾ. "ಶುಕ್ರವಾರ ಬಂದ್ರೆ ಇದು ಕಾಣೂದಿಲ್ಲ. ಬಿಚ್ಚಿಡ್ತೀರಿ! ಹೌದಾ ಅಲ್ಲಾ?"

"ಶುಕ್ರವಾರ ಬಿಚ್ತೆ. ಹೌದು... ಅದು..."

"ಕಟ್ಟೂದಿಲ್ಲ ಅಂತ ಮಾತು ಕೊಟ್ಟಿದ್ರಿ."

"ಕಟ್ಲಿಲ್ಲ ನಾನು."

"ಇದಕ್ಕಿಂತ ಕಟ್ಟೂದೇ ಒಳ್ಳೇದಿತ್ತು!"

ಹೇಳಬೇಕಾದ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದನ್ನು ಹೇಳಿದರೆ, ಅದರ ಬೆನ್ನಿಗಿದ್ದ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತಿತ್ತು. ಅಷ್ಟು ಧೈರ್ಯ ಆ ಗಳಿಗೆಯಲ್ಲಿ ಅವನಿಗೆ ಬರಲಿಲ್ಲ.

ಅಮಿತಾ ಬುಗುರಿಯನ್ನು ಕೊರಡಿನ ಸಮೇತ ಎತ್ತಿಕೊಂಡು ರಿಕ್ಷಾ ಹತ್ತಿದಳು.

"ಒಂದು ನಿಮಿಷ ಕೇಳಿ ಅಮಿತಾ..."

"ಕೇಳೂದು ಎಂತ ಉಳೀತು? ಕಣ್ಣಾರೆ ನೋಡ್ದೆ."

ಮಿರ್ಜಾನ ದಾಟಿದ ಮೇಲೆ ಭಾವನೇ ರಿಕ್ಷಾ ನಿಲ್ಲಿಸಿ ಕೊರಡನ್ನು ಬಿಚ್ಚಿದರು. ಅಮಿತಾ ಅದನ್ನು ಮುಟ್ಟಲೂ ಇಲ್ಲ.

*

ಫೋನು ಮತ್ತೆ ಮತ್ತೆ ಬಡಿದುಕೊಂಡಿತು. ಅಮಿತಾ ಎತ್ತಲಿಲ್ಲ. ಕೆಲವು ದಿನಗಳಲ್ಲಿ ಅದು ಸುಮ್ಮನಾಯಿತು. ಸುಮ್ಮನಾದ ಮೇಲೆ ಮಾತ್ರ ಅವಳಿಗೆ ನಿದ್ದೆ ಹತ್ತಲಿಲ್ಲ.

ಕಾಯ್ಕಿಣಿಯ ಹಳೆಯ ನೆರೆಮನೆಯವರು ಬುಗುರಿಯನ್ನು ಕೊಂಡುಹೋದರು. ಮರುದಿನವೇ ವಾಪಸ್ಸು ತಂದುಬಿಟ್ಟರು. "ಕೋಳಿ ಕೊಲ್ಲೂದಿಲ್ಲ, ಸತ್ಯವೇ. ಆದ್ರೆ ಓಡ್ಸಿ ಓಡ್ಸಿ ಅವು ಮೊಟ್ಟೆ ಇಡೂದೇ ಮರ್ತ್ವು!"

ಇನ್ನು ಯಾರನ್ನು ಕೇಳುವುದು? ಭಾವನ ತಾಯಿ ಅಂಗಳಕ್ಕೆ ಇಳಿಯಲು ಹೆದರಿ ಕಿಟಕಿಯಲ್ಲೇ ಕೂರುತ್ತಿದ್ದರು. ಬೇರೆ ದಾರಿ ಕಾಣದೆ ಅಮಿತಾ ಬುಗುರಿಯನ್ನು ಹಿತ್ತಲಿನ ಕಂಬಕ್ಕೆ ಕಟ್ಟಿದಳು. ಕಟ್ಟಬೇಡಿ ಎಂದು ಮಾತು ತೆಗೆದುಕೊಂಡವಳೇ ಕಟ್ಟಿದಳು! ಬುಗುರಿ ಅನ್ನ ಮುಟ್ಟಲಿಲ್ಲ. ಹಗ್ಗ ಕಡಿಯಿತು. ಬಾಯಿಯ ಅಂಚು ಒಡೆದು ರಕ್ತ ಬಂತು.

"ಶಿವರಾತ್ರಿ ಮರುದಿನ ಬಂದರ ಕಡೆ ಬಾಡಿಗೆ ಅದೆ ನಂಗೆ," ಎಂದರು ಭಾವ, ಎತ್ತಲೋ ನೋಡುತ್ತ. ಅವರಿಗೂ ಅದನ್ನು ಹೇಳಲು ಕಷ್ಟವಾಗಿತ್ತು.

ಭಾವ ಹಾಗೆಂದ ಮರುದಿನ ಸಂಜೆ ಅಮಿತಾ ಭಟ್ಕಳದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಹೆಬಳೆಯ ನಿಲ್ದಾಣ ಇನ್ನೇನು ಬಂತು ಎನ್ನುವಾಗ ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸಿದರು.

"ಸಾಯೂಕೇ ಬಂತಲ್ಲ ಇದು!"

ಅಮಿತಾ ಕಿಟಕಿಯಿಂದ ಇಣುಕಿದಳು. ಮುಂದಿನ ಚಕ್ರದ ಪಕ್ಕದಲ್ಲೇ ಬುಗುರಿ! ಕೊರಳಲ್ಲಿ ಕಡಿದ ಹಗ್ಗದ ತುಂಡು. ಪಕ್ಕದಲ್ಲಿ ಲಾರಿಯೊಂದು ಹಾರ್ನ್ ಬಡಿಯುತ್ತ ಸವರಿಕೊಂಡು ಹೋಯಿತು. ಬುಗುರಿ ಅದರ ಕಡೆ ನೋಡಲೂ ಇಲ್ಲ. ಬಸ್ಸಿನ ಬಾಗಿಲಿಗೆ ಬಂದು, ಇಳಿಯುವವರ ಒಬ್ಬೊಬ್ಬರ ಕಾಲನ್ನೂ ಮೂಸಿತು. ಅಮಿತಾಳ ಕಾಲು ಸಿಕ್ಕಿದ ಕೂಡಲೇ ಅಳುವಂಥ ಸ್ವರ ತೆಗೆದು ಎದೆಗೆ ಹಾರಿತು.

ನಿಲ್ದಾಣದ ಗೂಡಂಗಡಿಯ ಪಾಂಡು ತಲೆ ಚಚ್ಚಿಕೊಂಡ. "ಹಗ್ಗ ಕಡ್ಕಂಡು ಬಂದಾಗೆಲ್ಲ ಇದೇ ಕೆಲ್ಸ ಮಾರಾಯ್ತಿ ಇದರದ್ದು! ಬಸ್ಸಿನ ಬ್ರೇಕ್ ಕೇಳಿದ್ರೆ ಮುಗೀತು, ಲಾರಿ, ಕಾರು ಎಂತದೂ ಕಾಣೂದಿಲ್ಲ. ಇಳ್ದವ್ರನ್ನೆಲ್ಲ ಮೂಸಿ ನೋಡ್ತದೆ. ಎಲ್ಲಿ ಕಲ್ತು ಬಂತು ಇದು ಈ ಚಾಳಿ?"

ಎಲ್ಲಿ ಕಲಿತು ಬಂತು...

ಅಮಿತಾ ರಸ್ತೆಯ ಬದಿಯಲ್ಲೇ ಕೂತುಬಿಟ್ಟಳು.

ಹಿರೇಗುತ್ತಿಯಲ್ಲಿ. ಶುಕ್ರವಾರ ಶುಕ್ರವಾರ. ಕಲಿಸಿದವಳು ಅವಳೇ! ಬಸ್ಸಿನ ಬ್ರೇಕ್ ಎಂದರೆ ಅಮಿತಾ ಬಂದಳು ಎಂದರ್ಥ ಅದಕ್ಕೆ. ಇವತ್ತು ಶುಕ್ರವಾರ ಅಲ್ಲ ಎಂದು ನಾಯಿಗೆ ತಿಳಿಸುವವರು ಯಾರು? ಅಲ್ಲಿ ಅವನ ಮನೆಯ ಮುಂದೆಯೇ ಹೆದ್ದಾರಿ. ದಿನಕ್ಕೆ ಎಷ್ಟು ಬಸ್ಸು ನಿಲ್ಲುತ್ತದೋ... ಅಷ್ಟೂ ಸಲ ಓಡಿರಬೇಕು.

'ಕಟ್ಲಿಲ್ಲ ನಾನು' ಎಂದಿದ್ದ ಅವನು. ಕಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದ. ಬಿಟ್ಟರೆ ಸಾಯುತ್ತಿತ್ತು...

ಅವಳು ಎದ್ದು ಮನೆಯತ್ತ ಓಡಿದಳು.

"ಭಾವ! ಆ ಕೊರಡು... ಎಲ್ಲಿ ಬಿಸಾಡಿದ್ರಿ?"

ರಿಕ್ಷಾ ತೊಳೆಯುತ್ತಿದ್ದ ಭಾವ ಸೀಟಿನ ಹಿಂದಕ್ಕೆ ಕೈ ಹಾಕಿದರು. "ಬಿಸಾಡ್ಲಿಲ್ಲ. ಯಾರೋ ಕೂತು ಮನಸ್ಸಿಟ್ಟು ಮಾಡಿದ್ದು ಅನ್ನಿಸ್ತು. ಬಿಸಾಡೂಕೆ ಕೈ ಬರ್ಲಿಲ್ಲ."

ಮೊದಲ ಸಲ ಅಮಿತಾ ಅದನ್ನು ಕೈಗೆತ್ತಿಕೊಂಡಳು. ಭಾರ ಇರುತ್ತದೆ ಎಂದುಕೊಂಡು ಎತ್ತಿದ ಕೈ ಮೇಲಕ್ಕೇ ಹೋಯಿತು. ಹತ್ತಿಯಷ್ಟು ಹಗುರ! ಮೀನುಗಾರರು ಬಲೆ ತೇಲಲೆಂದು ಕಟ್ಟುವ ಹೊಂಗಾರೆ ಮರ. ಮೂಲೆಗಳನ್ನೆಲ್ಲ ಉಜ್ಜಿ ಉಜ್ಜಿ ದುಂಡು ಮಾಡಿದ್ದ. ಕಾಲಿಗೆ ತಾಗುವ ಕಡೆ ಹಳೆಯ ಬನಿಯನ್ನಿನ ಬಟ್ಟೆ ಸುತ್ತಿದ್ದ. ಸುತ್ತಿದ ಬಟ್ಟೆಗೆ ಸೂಜಿಯಿಂದ ಹೊಲಿಗೆ ಹಾಕಿದ್ದ. ಎಂದೂ ಸೂಜಿ ಹಿಡಿಯದವನ ಸೊಟ್ಟ ಸೊಟ್ಟ ಹೊಲಿಗೆ.

ಹೊಲಿಗೆಯವಳಾದ ಅಮಿತಾ ಆ ಸೊಟ್ಟ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಬಿಕ್ಕಿದಳು.

ಜಯಶ್ರೀ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನಾಯಿಗೆ ಮನೆ ಹುಡ್ಕ್ತೆ ಅಂತ ಹೋದವ್ಳು, ಸಿಕ್ಕಿದ ಮನೇನ ಬಿಟ್ಟು ಬಂದ್ಯಲ್ಲೇ ಹುಚ್ಚಿ..." ಎಂದು ತಂಗಿಯ ತಲೆ ಸವರಿದಳು.

"ಅಕ್ಕಾ, ಈಗ ಯಾವ ಮುಖ ಇಟ್ಕಂಡು ಹೋಗ್ಲಿ?"

"ಇದ್ದ ಮುಖವನ್ನೇ ತೊಳ್ಕಂಡು ಹೋಗು," ಎಂದರು ಭಾವ. "ನಾಳೆ ಶುಕ್ರವಾರ. ನಂಗೂ ಕುಮಟೆಲಿ ಕೆಲ್ಸ ಇತ್ತು."

ಅವರಿಗೆ ಕುಮಟೆಯಲ್ಲಿ ಯಾವ ಕೆಲಸವೂ ಇರಲಿಲ್ಲ ಎಂದು ಮೂವರಿಗೂ ಗೊತ್ತಿತ್ತು.

ಬೆಳಿಗ್ಗೆ ರಿಕ್ಷಾ ಹೊರಡುವಾಗ ಭಾವನ ತಾಯಿ ಕಿಟಕಿಯಿಂದಲೇ ಬುಗುರಿಗೆ ಅರ್ಧ ರೊಟ್ಟಿ ಚಾಚಿದರು. "ತಕಾ, ನನ್ನ ಕೈ ಮುರಿಯೂಕೆ ಬಂದವ್ಳೆ. ಒಳ್ಳೇ ಮನೇಲಿ ಚಂದಾಗಿರು."

*

ಹಿರೇಗುತ್ತಿಯ ಅಂಗಳದಲ್ಲಿ ಮಾಸ್ತಮ್ಮ ಒಬ್ಬಳೇ ಇದ್ದಳು. ಅಮಿತಾಳನ್ನು ಕಂಡು ಮುಖ ಬಿಗಿದುಕೊಂಡಳು. ಆದರೆ ಬುಗುರಿ ಬಂದು ಅವಳ ಸೀರೆಯ ಸೆರಗನ್ನೇ ಎಳೆದಾಗ ಬಿಗಿ ನಿಲ್ಲಲಿಲ್ಲ.

"ಬಂದ್ಯ ಮಗಾ? ಬಾ, ನೋಡ್ಬಾ ನಿನ್ನ ಗದ್ದೆ ಅವಸ್ಥೆ," ಎಂದಳು ನಾಯಿಯ ತಲೆ ತಟ್ಟಿ.

ಶೇಂಗಾ ಗದ್ದೆಯಲ್ಲಿ ಸಾಲಿಗೆ ಸಾಲೇ ಕೆದಕಿ ಹೋಗಿತ್ತು.

"ನವಿಲು, ಹಂದಿ ಸೇರಿ ಹಬ್ಬ ಮಾಡ್ದ್ವು. ಓಡೂ ನಾಯಿ ತಂದು ಓಡದ ಹಾಂಗೆ ಕೊರಡು ಕಟ್ಟಿದ ನನ್ನ ಮಗ. ಕೇರಿಯವ್ರೆಲ್ಲ ನಗಾಡಿದ್ರು. ಎಂತಕ್ಕೋ ಹೀಂಗೆ ಅಂದ್ರೆ, ಶೇಂಗಾ ಬರೂ ವರ್ಷ ಬೆಳೀತದೆ ಅಮ್ಮ, ರಸ್ತೇಲಿ ಸತ್ತ ನಾಯಿ ಬೆಳೀತದಾ ಅಂದ." ಮಾಸ್ತಮ್ಮ ಮೂಗು ಒರೆಸಿಕೊಂಡಳು. "ನಂಗೆ ಹೇಳೂಕೆ ಬಾಯಿದ್ದವಂಗೆ ನಿನ್ನ ಎದ್ರು ಬಾಯಿಲ್ಲ. ಹೋಗು, ಆ ತುದಿಯಲ್ಲಿ ಇದ್ದ."

ಉಳಿದ ಗಿಡಗಳನ್ನು ಕೀಳುತ್ತಿದ್ದ ನಿತ್ಯಾನಂದ ಹೆಜ್ಜೆಯ ಸದ್ದಿಗೆ ತಿರು‌ಗಿದ. ಅಷ್ಟರಲ್ಲಿ ಬುಗುರಿ ಅವನ ಮೇಲೆ ಹಾರಿ, ಅವನನ್ನು ಮಣ್ಣಿನಲ್ಲೇ ಕೂರಿಸಿಬಿಟ್ಟಿತು! ಅವನ ಮುಖವೆಲ್ಲ ನೆಕ್ಕಿ, ಸುತ್ತಿ, ಮತ್ತೆ ನೆಕ್ಕಿತು.

ಅಮಿತಾ ಕೈಯಲ್ಲಿದ್ದ ಕೊರಡನ್ನು ಎದೆಗೊತ್ತಿಕೊಂಡು ನಿಂತಿದ್ದಳು.

"ತಪ್ಪಾತು," ಎಂದಳು. ಮತ್ತೆ ಹೇಳಿದಳು. "ನನ್ನಿಂದ ತಪ್ಪಾತು."

"ನಂದೂ ಆತು," ಎಂದ ಅವನು. "ಹೇಳ್ಬೇಕಿತ್ತು."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ? ಶುಕ್ರವಾರ ಎಂತಕ್ಕೆ ಬಿಚ್ಚಿಡ್ತಿದ್ರಿ? ಅದೊಂದು ನಂಗೆ ಎಷ್ಟು ಯೋಚ್ನೆ ಮಾಡಿದ್ರೂ ತಿಳೀಲಿಲ್ಲ."

ನಿತ್ಯಾನಂದ ಒಂದು ಶೇಂಗಾ ಗಿಡದ ಬೇರಿನಿಂದ ಮಣ್ಣು ಕೊಡವಿದ. ಕೊಡವಿದ್ದನ್ನೇ ಮತ್ತೆ ಕೊಡವಿದ.

"ಶುಕ್ರವಾರ ನಾನೇ ಕೊರಳಪಟ್ಟಿ ಹಿಡ್ಕಂಡು ರಸ್ತೇಲಿ ನಿಲ್ತಿದ್ನಲ್ಲ, ಹೆದ್ರಿಕೆ ಇರ್ಲಿಲ್ಲ. ಉಳ್ದ ದಿನ ಗದ್ದೆ ಕೆಲ್ಸ. ಕಣ್ತಪ್ಪಿದ್ರೆ ಓಡ್ತಿತ್ತು. ಒಂದಿನ ಲಾರಿ ಅಡಿಗೇ ಹೋಗಿ ಬಂತು... ಆ ದಿನ ಕೂತು ಕೊರಡು ಮಾಡ್ದೆ."

"ನಂಗೆ ಒಂದು ಮಾತು ಹೇಳಿದ್ರೆ..."

"ಹೇಳಿದ್ರೆ ನೀವು ಎಂತ ಮಾಡ್ತಿದ್ರಿ?"

ಅಮಿತಾ ಯೋಚಿಸಿದಳು. ಉತ್ತರ ಕೂಡಲೇ ಹೊಳೆಯಿತು. ಬರುವುದನ್ನು ನಿಲ್ಲಿಸುತ್ತಿದ್ದಳು! ಬುಗುರಿಯ ಜೀವಕ್ಕಾಗಿ ಮತ್ತೆಂದೂ ಆ ಬಸ್ಸಿನಿಂದ ಇಳಿಯುತ್ತಿರಲಿಲ್ಲ.

ಅವಳ ಮುಖದಲ್ಲೇ ಉತ್ತರ ಓದಿದವನಂತೆ ಅವನು ತಲೆಯಾಡಿಸಿದ.

"ಅದ್ಕೇ ಹೇಳ್ಲಿಲ್ಲ. ಶುಕ್ರವಾರ ಬಸ್ಸಿನ ಬ್ರೇಕಿಗೆ ಕಾಯ್ತಿದ್ದದ್ದು... ಬುಗುರಿ ಒಂದೇ ಅಲ್ಲಾಗಿತ್ತು."

ಗದ್ದೆಯ ಮೇಲೆ ಗಾಳಿ ಸುಳಿಯಿತು. ತನ್ನ ದಾರಿಯನ್ನು ನೋಡುವವರು ಯಾರೂ ಇಲ್ಲ ಎಂದು ಇದೇ ಗದ್ದೆಯಲ್ಲಿ ಕೂತು ಅಮಿತಾ ಹೇಳಿದ್ದಳಲ್ಲ... ಆಗ ಅವನು ಕಿತ್ತ ಶೇಂಗಾ ಗಿಡ ಕಣ್ಮುಂದೆ ಬಂತು.

"ಇದು ಬಸ್ಸಿಗೆ ಓಡೂದು ಬಿಡ್ಬೇಕು ಅಂದ್ರೆ ಎರಡೇ ದಾರಿ," ಎಂದ ಅವನು, ನೆಲ ನೋಡುತ್ತ. "ಒಂದು, ನೀವು ಬರೂದು ನಿಲ್ಸ್ಬೇಕು."

"ಇನ್ನೊಂದು?"

"ಇನ್ನೊಂದು..." ಅವನು ತಲೆ ಎತ್ತಿದ. "ಹೋಗೂದು ನಿಲ್ಸ್ಬೇಕು."

ಅಮಿತಾಳ ಕಣ್ಣು ತುಂಬಿ ತುಳುಕಿತು. ಹೊನ್ನಾವರದ ಪೇಟೆಯಲ್ಲಿ ತುಂಬಿದ್ದ ಹಾಗೇ. ಆದರೆ ಈ ಸಲ ಅವಳು ಮುಖ ತಿರುಗಿಸಿಕೊಳ್ಳಲಿಲ್ಲ.

"ಬರೂದು ನಿಲ್ಸೂಕೆ ನಂಗೆ ಆಗೂದಿಲ್ಲ," ಎಂದಳು.

ಅವನ ಮುಖದಲ್ಲಿ ನಗು ಮೆಲ್ಲಗೆ, ಬೆಳಗಾಗುವ ಹಾಗೆ ಹರಡಿತು. ಬುಗುರಿಯ ಮಡಚಿದ ಕಿವಿಯನ್ನು ನೇವರಿಸುತ್ತ ಕೇಳಿದ.

"ಯಾರ ನಾಯಿ ಇದು?"

"ನಮ್ದು," ಎಂದಳು ಅಮಿತಾ.

"ಬಿಸ್ಲಲ್ಲಿ ಎಂತ ನಿಂತ್ರಿ ಇಬ್ರೂ?" ಅಂಗಳದಿಂದ ಮಾಸ್ತಮ್ಮನ ಕೂಗು ಕೇಳಿತು. "ಹರೀಶಪ್ಪ ಆಗ್ಲೇ ಮದ್ವೆ ದಿನ ಕೇಳ್ತಿದ್ದ. ಬೇಗ ಬನ್ನಿ, ಇಲ್ದಿದ್ರೆ ನಾವೇ ನಿಕ್ಕಿ ಮಾಡ್ತೇವೆ!"

*

ಮದುವೆ ವೈಶಾಖದಲ್ಲಿ, ಮಳೆಗೆ ಮುಂಚೆ ನಡೆಯಿತು.

ಈಗ ಅಮಿತಾಳ ಹೊಲಿಗೆ ಮಿಷನ್ನು ಹಿರೇಗುತ್ತಿಯ ಜಗುಲಿಯಲ್ಲಿದೆ. ಮೊದಲು ಹೊಲಿದದ್ದು ಭಾವನ ತಾಯಿಗೆ, ಮೊಣಕೈ ಇಟ್ಟುಕೊಳ್ಳಲು ಒಂದು ಮೆತ್ತನೆಯ ದಿಂಬು. ಹೊಂಗಾರೆ ಕೊರಡನ್ನು ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದ್ದಾಳೆ. ದೀಪ ಹಚ್ಚುವಾಗ ಅದಕ್ಕೂ ಒಂದು ಕೈ ಮುಗಿಯುತ್ತಾಳೆ. ಮಾಸ್ತಮ್ಮ ನಗುತ್ತಾಳೆ, ಆದರೆ ಅದರ ಮೇಲಿನ ಧೂಳು ಒರೆಸುವವಳೂ ಅವಳೇ.

ಮೊದಲ ದಿನಗಳಲ್ಲಿ ಬಸ್ಸಿನ ಬ್ರೇಕಿಗೆ ಬುಗುರಿ ಎದ್ದು ಬೇಲಿಯವರೆಗೆ ಓಡುತ್ತಿತ್ತು. ಅಮಿತಾ ಹಿಂದೆ ಓಡುತ್ತಿರಲಿಲ್ಲ. ಕೂತಲ್ಲಿಂದ "ಬುಗುರಿ..." ಎನ್ನುತ್ತಿದ್ದಳು ಅಷ್ಟೆ. ಅದು ನಿಂತು ತಿರುಗಿ ನೋಡುತ್ತಿತ್ತು. ಅವಳು ಇಲ್ಲೇ ಇದ್ದಾಳಲ್ಲ! ಹಾಗಾದರೆ ಅಲ್ಲಿ ಇಳಿಯುವುದು ಯಾರು? ಗೊಂದಲದಲ್ಲಿ ತನ್ನ ಬಾಲವನ್ನೇ ಒಂದು ಸುತ್ತು ಅಟ್ಟಿಸಿಕೊಂಡು ಮರಳಿ ಬರುತ್ತಿತ್ತು.

ಒಂದು ಸಂಜೆ, ಮೊದಲ ಮಳೆ ಬಿದ್ದ ನೆಲದ ಮೇಲೆ ನಿತ್ಯಾನಂದ ಹರಿವೆ ಬೀಜ ಬಿತ್ತಿ ಬಂದು ಜಗುಲಿಯಲ್ಲಿ ಕೂತ. ಅಮಿತಾ ಅವನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಅವಳ ಪಾದದ ಮೇಲೆ ತಲೆಯಿಟ್ಟು ಬುಗುರಿ ಮಲಗಿತ್ತು.

ಹೆದ್ದಾರಿಯಲ್ಲಿ ಬಸ್ಸು ಉಸ್ಸೆಂದು ನಿಂತಿತು.

ಬುಗುರಿಯ ನೆಟ್ಟಗಿನ ಕಿವಿ ಒಮ್ಮೆ ಅಲುಗಿತು. ಕಣ್ಣು ತೆರೆದು ಅಮಿತಾಳನ್ನು ನೋಡಿತು. ಮತ್ತೆ ಮುಚ್ಚಿತು.

"ಬಸ್ಸು ಬಂತು," ಎಂದ ನಿತ್ಯಾನಂದ, ಮೆಲ್ಲಗೆ.

ಅಮಿತಾ ದಾರವನ್ನು ಹಲ್ಲಲ್ಲಿ ಕಡಿದು, ಅವನ ಭುಜಕ್ಕೆ ತಲೆಯಾನಿಸಿದಳು.

"ಹೋಗ್ಲಿ ಬಿಡಿ," ಎಂದಳು.